ಹನ್ನೊಂದು ತಿಂಗಳ ಮನೆ, ಹತ್ತು ವರ್ಷದ ಶಾಲೆ: ಬಾಡಿಗೆ ಕಾಯ್ದೆಯ ಸುಧಾರಣೆಯಲ್ಲಿ ಗಡಿ ಕನ್ನಡಿಗರ ಪಾಲು

ಬಾಡಿಗೆ ಮನೆಗಳ ಕಾನೂನನ್ನು ಹೊಸದಾಗಿ ಬರೆಯಬೇಕೆಂಬ ಚರ್ಚೆ ದೇಶದಲ್ಲಿ ಹಲವು ವರ್ಷಗಳಿಂದ ನಡೆದಿದೆ. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆಯಿತ್ತು ಅದನ್ನು ಎಲ್ಲ ರಾಜ್ಯಗಳಿಗೆ ಕಳುಹಿಸಿತು. ಮನೆ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧವು ಸಂವಿಧಾನದ ರಾಜ್ಯ ಪಟ್ಟಿಗೆ ಸೇರಿದ ವಿಷಯವಾದ್ದರಿಂದ, ಅದನ್ನು ಸ್ವೀಕರಿಸುವುದೂ ಬಿಡುವುದೂ ಆಯಾ ರಾಜ್ಯದ ವಿಧಾನಮಂಡಲಕ್ಕೆ ಬಿಟ್ಟದ್ದು. ಉತ್ತರ ಪ್ರದೇಶ, ಅಸ್ಸಾಂ, ಆಂಧ್ರಪ್ರದೇಶದಂಥ ರಾಜ್ಯಗಳು ಆ ಮಾದರಿಯನ್ನು ಅನುಸರಿಸಿ ಕಾನೂನು ಮಾಡಿಕೊಂಡವು. ಮಹಾರಾಷ್ಟ್ರದಲ್ಲಿ ಮಾತ್ರ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯೇ ನಡೆಯುತ್ತಿದೆ.

ಈ ರಾಜ್ಯದಲ್ಲಿ ಬಾಡಿಗೆ ಕಾಯ್ದೆಯ ಮಾತು ಬಂದಾಗಲೆಲ್ಲ ಅದು ಮುಂಬಯಿಯ ಹಳೆಯ ಚಾಳುಗಳು, ಅಲ್ಲಿನ ಪಗಡಿ ಪದ್ಧತಿ, ದಶಕಗಳಿಂದ ಏರದ ಬಾಡಿಗೆ ಇವುಗಳ ಸುತ್ತಲೇ ಸುತ್ತುತ್ತದೆ. ಇಚಲಕರಂಜಿಯ ಮಗ್ಗಗಳ ಓಣಿಯಲ್ಲಿ, ಯಡ್ರಾವದ ಔದ್ಯೋಗಿಕ ವಸಾಹತಿನ ಸುತ್ತಮುತ್ತ, ಗಡಹಿಂಗ್ಲಜ ಪಟ್ಟಣದ ಅಂಚಿನಲ್ಲಿ ಒಂದೆರಡು ಖೋಲಿಗಳನ್ನು ಹಿಡಿದು ಬಾಳುವ ಕನ್ನಡ ಕುಟುಂಬಗಳು ಆ ಚರ್ಚೆಯಲ್ಲಿ ಕಾಣಿಸುವುದೇ ಇಲ್ಲ. ಈ ಕುಟುಂಬಗಳಿಗೆ ಬಾಡಿಗೆ ಎಷ್ಟು ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಈ ಮನೆಯಲ್ಲಿ ಎಷ್ಟು ದಿನ ಇರಬಹುದು ಎಂಬುದು. ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮಗುವಿನ ಕನ್ನಡ ಶಾಲೆಯೂ ಅನಿಶ್ಚಿತವಾಗುತ್ತದೆ. ಮುಂದೆ ಕಾನೂನು ಬದಲಾಗುವಾಗ ನಮ್ಮ ಪಾಲಕರು ಏನನ್ನು ಕೇಳಬೇಕು, ಬದಲಾಗುವವರೆಗೆ ಇರುವ ಕಾನೂನಿನಲ್ಲಿ ಏನನ್ನು ಬಳಸಿಕೊಳ್ಳಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮನೆ ಬದಲಾದರೆ ಶಾಲೆಯೂ ಬದಲು

ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಅಂದಿನಿಂದ ಈ ಊರು ನೂಲು, ಬಟ್ಟೆಗಳ ಜೊತೆಗೆ ದುಡಿಯುವ ಕೈಗಳನ್ನೂ ಸುತ್ತಲಿನ ಸೀಮೆಯಿಂದ ಸೆಳೆಯುತ್ತ ಬಂದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದವರು ಇಲ್ಲಿ ಮಗ್ಗ ನಡೆಸಿದರು, ಕಂಡಿಕೆ ಸುತ್ತಿದರು, ಗಿರಣಿಗಳಲ್ಲಿ ದುಡಿದರು. ನಗರ ತುಂಬಿದಂತೆ ಕಾರ್ಖಾನೆಗಳು ಹೊರಗೆ ಚಾಚಿಕೊಂಡವು. ಯಡ್ರಾವವು ಕಂದಾಯದ ಲೆಕ್ಕದಲ್ಲಿ ಶಿರೋಳ ತಾಲೂಕಿನ ಊರಾದರೂ ದುಡಿಮೆಯ ಲೆಕ್ಕದಲ್ಲಿ ಇಚಲಕರಂಜಿಯ ನೆರೆಮನೆ. ಅಲ್ಲಿನ ಸಹಕಾರಿ ಔದ್ಯೋಗಿಕ ವಸಾಹತಿನ ಸುತ್ತ ಖೋಲಿಗಳ ಸಾಲುಗಳು ಎದ್ದು ನಿಂತದ್ದು ಈ ಕಾರಣದಿಂದಲೇ.

ಮರಾಠಿ ಮಾಧ್ಯಮದಲ್ಲಿ ಓದುವ ಮಗುವಿನ ಕುಟುಂಬ ಮನೆ ಬದಲಿಸಿದರೆ ಹೊಸ ಓಣಿಯಲ್ಲೂ ಒಂದು ಶಾಲೆ ಸಿಗುತ್ತದೆ. ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ 1ರಿಂದ 5ನೆಯ ತರಗತಿಯವರೆಗೆ 1 ಕಿಲೋಮೀಟರ್, 6ರಿಂದ 8ರವರೆಗೆ 3 ಕಿಲೋಮೀಟರ್ ಅಂತರದಲ್ಲಿ ಶಾಲೆ ಇರಬೇಕು. ಆದರೆ ಆ ಅಳತೆಯು ಶಾಲೆ ಇದೆಯೇ ಎಂದು ಕೇಳುತ್ತದೆಯೇ ಹೊರತು ಯಾವ ಮಾಧ್ಯಮದ ಶಾಲೆ ಎಂದು ಕೇಳುವುದಿಲ್ಲ. ನಮ್ಮ ಕಡೆ ಕನ್ನಡ ಶಾಲೆಗಳು ಬೆರಳೆಣಿಕೆಯಷ್ಟು. ಮನೆಯಿಂದ ಶಾಲೆಗೆ ನಡೆದು ಹೋಗುವ ಮಗು, ಮನೆ ಬದಲಾದ ಮರುದಿನ ಎರಡು ಬಸ್ಸು ಹತ್ತಬೇಕಾಗಬಹುದು. ಆಗ ಪಾಲಕರು ಆರಿಸಿಕೊಳ್ಳುವುದು ಹತ್ತಿರದ ಶಾಲೆಯನ್ನು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ವರ್ಷದ ನಡುವೆ ಬಂದ ಮಗುವಿಗೂ ಪ್ರವೇಶ ನಿರಾಕರಿಸಬಾರದು, ಶಾಲೆ ಬಿಟ್ಟ ದಾಖಲೆ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸಬಾರದು ಎಂದು ವಿಧಿಸಿದೆ. ಇವೆಲ್ಲ ಶಾಲೆಯ ಬಾಗಿಲಲ್ಲಿ ಸಿಗುವ ರಕ್ಷಣೆಗಳು. ಮನೆಯ ಬಾಗಿಲಲ್ಲಿ ರಕ್ಷಣೆ ಇಲ್ಲದ ಮಗುವಿಗೆ ಇವುಗಳಿಂದ ಅರ್ಧ ಪ್ರಯೋಜನ ಮಾತ್ರ. ಪಟಸಂಖ್ಯೆ ಇಳಿದು ಕನ್ನಡ ಶಾಲೆಗಳು ಸೊರಗುತ್ತಿವೆ ಎಂದು ನಾವು ಚಿಂತಿಸುವಾಗ ಶಿಕ್ಷಕರ ನೇಮಕಾತಿ, ಪಠ್ಯಪುಸ್ತಕಗಳ ವಿಳಂಬ ಇವುಗಳನ್ನು ಎಣಿಸುತ್ತೇವೆ. ಮಗುವಿನ ಮನೆಯ ಕರಾರು ಎಷ್ಟು ತಿಂಗಳದ್ದು ಎಂಬುದನ್ನೂ ಆ ಎಣಿಕೆಗೆ ಸೇರಿಸಬೇಕಾಗಿದೆ.

ಇಂದಿನ ಕಾಯ್ದೆ ಏನು ಹೇಳುತ್ತದೆ

ಮಹಾರಾಷ್ಟ್ರದ 1999ರ ಕಾಯ್ದೆ ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಅದಕ್ಕೆ ಮೊದಲು ಮುಂಬಯಿ ಪ್ರಾಂತದ ಭಾಗಗಳಿಗೆ 1947ರ ಕಾಯ್ದೆ, ವಿದರ್ಭಕ್ಕೆ 1949ರ ಆದೇಶ, ಮರಾಠವಾಡಕ್ಕೆ ಹೈದರಾಬಾದಿನ 1954ರ ಕಾಯ್ದೆ ಹೀಗೆ ಮೂರು ಬಗೆಯ ಕಾನೂನುಗಳಿದ್ದವು. ಬಾಡಿಗೆಯನ್ನು 1940ರ ದಶಕದ ಮಟ್ಟದಲ್ಲೇ ಕಟ್ಟಿಹಾಕಿದ್ದು ಕಾಲ ಕಳೆದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಹೇಳಿದ ಮೇಲೆ ಏಕರೂಪದ ಹೊಸ ಕಾಯ್ದೆ ಬಂದಿತು.

ಈ ಕಾಯ್ದೆ ಬಾಡಿಗೆದಾರನಿಗೆ ಕೊಡುವ ರಕ್ಷಣೆ ಕಡಿಮೆಯದಲ್ಲ. ಪ್ರಮಾಣಿತ ಬಾಡಿಗೆಯನ್ನು ಸಲ್ಲಿಸುತ್ತ ಕರಾರಿನ ಷರತ್ತುಗಳನ್ನು ಪಾಲಿಸುವವನನ್ನು ಸುಮ್ಮನೆ ಹೊರಹಾಕುವಂತಿಲ್ಲ. ಬಾಡಿಗೆ ಬಾಕಿ ಉಳಿದರೂ ಲಿಖಿತ ನೋಟಿಸು ಕೊಟ್ಟು 90 ದಿನ ಕಳೆಯುವವರೆಗೆ ಆ ಕಾರಣಕ್ಕೆ ದಾವೆ ಹೂಡುವಂತಿಲ್ಲ. ವರ್ಷಕ್ಕೆ ನೂರಕ್ಕೆ 4ರಷ್ಟು ಬಾಡಿಗೆ ಏರಿಸುವ ಅವಕಾಶ ಮಾಲೀಕನಿಗಿದೆ. ಪಡೆದ ಹಣಕ್ಕೆ ರಶೀದಿ ಕೊಡುವುದು ಕಡ್ಡಾಯ. ಜಗಳವಾಯಿತೆಂದು ನೀರು, ವಿದ್ಯುತ್ ಕಡಿತಗೊಳಿಸುವುದು ಕಾನೂನುಬಾಹಿರ.

ಆದರೆ ಇದೇ ಕಾಯ್ದೆಯ 24ನೆಯ ಕಲಮು ಇನ್ನೊಂದು ದಾರಿಯನ್ನು ತೆರೆದಿಟ್ಟಿದೆ. ಅದೇ ಎಲ್ಲರೂ ಬಲ್ಲ ಲೀವ್ ಆ್ಯಂಡ್ ಲೈಸೆನ್ಸ್ ಕರಾರು. ಇದರ ಪ್ರಕಾರ ಮನೆಯಲ್ಲಿರುವವನು ಬಾಡಿಗೆದಾರನಲ್ಲ, ಪರವಾನಗಿ ಪಡೆದು ಇರುವವನು. ಮೇಲೆ ಹೇಳಿದ ಬಾಡಿಗೆದಾರನ ಹಕ್ಕುಗಳಲ್ಲಿ ಮುಖ್ಯವಾದವು ಅವನಿಗೆ ಇಲ್ಲ. ಅವಧಿ ಮುಗಿದ ಮೇಲೆ ಖಾಲಿ ಮಾಡದಿದ್ದರೆ ಮಾಲೀಕನು ಸಕ್ಷಮ ಪ್ರಾಧಿಕಾರಿಯ ಮುಂದೆ ಹೋಗಿ ತೆರವಿನ ಆದೇಶ ಪಡೆಯಬಹುದು. ಅಲ್ಲಿಯವರೆಗಿನ ದಿನಗಳಿಗೆ ದುಪ್ಪಟ್ಟು ಶುಲ್ಕವನ್ನೂ ಕೇಳಬಹುದು. ಇಂದು ಹೊಸದಾಗಿ ಮನೆ ಹಿಡಿಯುವ ಬಹುತೇಕ ಕುಟುಂಬಗಳಿಗೆ ಸಿಗುವುದು ಈ ಕರಾರೇ. ಆದ್ದರಿಂದ ಮುಂಬಯಿಯ ಹಳೆಯ ಬಾಡಿಗೆದಾರನಿಗೆ ಇರುವ ರಕ್ಷಣೆಯನ್ನು ನೋಡಿ ಇಚಲಕರಂಜಿಯ ಹೊಸ ಬಾಡಿಗೆದಾರನೂ ಸುರಕ್ಷಿತನೆಂದು ಭಾವಿಸುವುದು ತಪ್ಪು. ಒಂದೇ ಕಾಯ್ದೆಯ ಅಡಿಯಲ್ಲಿ ಒಬ್ಬನನ್ನು ಎಬ್ಬಿಸುವುದು ಬಲು ಕಷ್ಟ, ಇನ್ನೊಬ್ಬನು ಹನ್ನೊಂದನೆಯ ತಿಂಗಳಿಗೆ ಗಂಟು ಕಟ್ಟಲು ಸಿದ್ಧನಿರಬೇಕು.

ಮಾಲೀಕರ ಅಂಜಿಕೆ ಮತ್ತು ಕಾಗದದ ಬೆಲೆ

ನಮ್ಮ ಕಡೆ ಮಾಲೀಕರೆಂದರೆ ದೊಡ್ಡ ಸಾಹುಕಾರರೇ ಆಗಿರಬೇಕಿಲ್ಲ. ನಿವೃತ್ತಿಯ ಹಣದಿಂದ ಮೇಲಂತಸ್ತು ಕಟ್ಟಿದವರು, ಹೊಲದ ಅಂಚಿನಲ್ಲಿ ಸಾಲ ಮಾಡಿ ನಾಲ್ಕು ಖೋಲಿ ಎಬ್ಬಿಸಿದವರು, ಎರಡು ಮಗ್ಗ ಮಾರಿ ಮನೆ ಕಟ್ಟಿದವರು ಇವರಲ್ಲಿದ್ದಾರೆ. ಲಿಖಿತ ಕರಾರು ಬೇಡವೆನ್ನುವುದರ ಹಿಂದೆ ಅವರಿಗೊಂದು ಹಳೆಯ ಅಂಜಿಕೆಯಿದೆ. 1948ರ ಕುಳ ಕಾಯ್ದೆ ಮತ್ತು 1957ರ ಏಪ್ರಿಲ್ 1ರ ಕೃಷಿಕರ ದಿನದ ನಂತರ ಉಳುವವನು ಭೂಮಿಯ ಒಡೆಯನಾದ ಸಂಗತಿ ಈ ಸೀಮೆಯ ಪ್ರತಿಯೊಂದು ಮನೆತನಕ್ಕೂ ನೆನಪಿದೆ. ಕಾಗದದಲ್ಲಿ ಹೆಸರು ಬರೆದುಕೊಟ್ಟರೆ ನಾಳೆ ಮನೆಯೇ ಹೋದೀತು ಎಂಬ ಶಂಕೆ ಅಲ್ಲಿಂದ ಹುಟ್ಟಿದ್ದು.

ಈ ಶಂಕೆ ಮನೆಯ ವಿಷಯದಲ್ಲಿ ಸಲ್ಲದು. ಕುಳ ಕಾಯ್ದೆ ಸಾಗುವಳಿಯ ಭೂಮಿಗೆ ಸಂಬಂಧಿಸಿದ್ದು. ವಾಸದ ಖೋಲಿಯ ವಿಷಯದಲ್ಲಿ ಲಿಖಿತ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ಅದರಲ್ಲಿ ಬರೆದ ಸಂಗತಿಗಳಿಗೆ ನಿರ್ಣಾಯಕ ಪುರಾವೆಯೆಂದು 24ನೆಯ ಕಲಮೇ ಒಪ್ಪಿಕೊಳ್ಳುತ್ತದೆ. ಬಾಯಿಮಾತಿನ ಮೇಲೆ ಮನೆ ಕೊಟ್ಟವನೇ ಹೆಚ್ಚು ಅಪಾಯದಲ್ಲಿರುವವನು.

ಇದಕ್ಕೆ ಕಾರಣ 55ನೆಯ ಕಲಮು. ಬಾಡಿಗೆ ಅಥವಾ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಾಗಿರಲಿ, ಅದು ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಿರಬೇಕು ಎಂದು ಅದು ವಿಧಿಸುತ್ತದೆ. ನೋಂದಣಿಯ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾದದ್ದೆಂದರೆ, ನೋಂದಣಿಯಾಗದಿದ್ದಲ್ಲಿ ಯಾವ ಷರತ್ತಿನ ಮೇಲೆ ಮನೆ ಕೊಡಲಾಯಿತು ಎಂಬ ಬಗ್ಗೆ ಬಾಡಿಗೆದಾರನು ಹೇಳುವ ಮಾತೇ, ಬೇರೆ ರೀತಿಯಲ್ಲಿ ಸಾಬೀತಾಗುವವರೆಗೆ, ನಿಲ್ಲುತ್ತದೆ. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ಮಾತು 1908ರ ಕೇಂದ್ರ ನೋಂದಣಿ ಕಾಯ್ದೆಯಿಂದ ಬಂದದ್ದು. ಒಂದು ವರ್ಷಕ್ಕಿಂತ ಕಡಿಮೆಯ ಗೇಣಿಪತ್ರಗಳಿಗೆ ಆ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಮಹಾರಾಷ್ಟ್ರದ ಬಾಡಿಗೆ ಕಾಯ್ದೆ ಅನ್ವಯಿಸುವಲ್ಲಿ ಈ ವಿನಾಯಿತಿ ಇಲ್ಲ.

ಖರ್ಚಿನ ಭಯವೂ ಅಷ್ಟು ದೊಡ್ಡದಲ್ಲ. ತಿಂಗಳಿಗೆ 4,000 ರೂಪಾಯಿ ಬಾಡಿಗೆ, 20,000 ರೂಪಾಯಿ ಮರಳಿ ಸಿಗುವ ಠೇವಣಿ, 11 ತಿಂಗಳ ಅವಧಿ ಎಂದು ಹಿಡಿಯೋಣ. ಒಟ್ಟು ಬಾಡಿಗೆ 44,000 ರೂಪಾಯಿ. ಠೇವಣಿಯ ಮೇಲೆ ವರ್ಷಕ್ಕೆ ನೂರಕ್ಕೆ 10ರಂತೆ ಬಡ್ಡಿ ಸೇರಿಸಿದರೆ ಮೊತ್ತ ಸುಮಾರು 46,000 ಆಗುತ್ತದೆ. ಅದರ ಮೇಲೆ ನೂರಕ್ಕೆ 0.25ರಂತೆ ಮುದ್ರಾಂಕ ಶುಲ್ಕ ಸುಮಾರು 115 ರೂಪಾಯಿ. ನೋಂದಣಿ ಶುಲ್ಕ ನಗರದಲ್ಲಿ 1,000, ಗ್ರಾಮೀಣ ಭಾಗದಲ್ಲಿ 500 ರೂಪಾಯಿ. ಕಂಪ್ಯೂಟರ್ ಕೇಂದ್ರದವರ ಕೂಲಿ, ಇತರ ಸಣ್ಣಪುಟ್ಟ ಖರ್ಚು ಬೇರೆ. ಇಬ್ಬರೂ ಹಂಚಿಕೊಂಡರೆ ಇದು ಒಬ್ಬರಿಗೂ ಭಾರವಾಗುವ ಮೊತ್ತವಲ್ಲ.

ಹಳ್ಳಿಯ ಶೀವೆ ದಾಟಿದ ಮೇಲೆ

ಇಲ್ಲಿಯವರೆಗೆ ಹೇಳಿದ ರಕ್ಷಣೆ ಎಲ್ಲ ಊರುಗಳಿಗೂ ತಾನಾಗಿಯೇ ಸಿಗುವುದಿಲ್ಲ ಎಂಬುದು ನಮ್ಮ ಪಾಲಕರು ಗಮನಿಸಲೇಬೇಕಾದ ಸಂಗತಿ. 1999ರ ಕಾಯ್ದೆಯು ತನ್ನ ಅನುಸೂಚಿಗಳಲ್ಲಿ ಹೆಸರಿಸಿದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತದೆ. ಬೇರೆ ಪ್ರದೇಶಗಳಿಗೆ ಅದನ್ನು ವಿಸ್ತರಿಸಲು ಸರಕಾರ ಅಧಿಸೂಚನೆ ಹೊರಡಿಸಬೇಕು. ನಗರದ ಶೀವೆಯೊಳಗಿನ ಖೋಲಿಗೂ ರಸ್ತೆಯಾಚೆ ಗ್ರಾಮ ಪಂಚಾಯಿತಿಯ ಶೀವೆಯಲ್ಲಿನ ಖೋಲಿಗೂ ಇಟ್ಟಿಗೆ ಒಂದೇ, ಬಾಡಿಗೆ ಒಂದೇ, ಕಾನೂನು ಮಾತ್ರ ಬೇರೆಯಾಗಬಹುದು.

ಅನುಸೂಚಿಯ ಹೊರಗಿರುವ ಊರಿನಲ್ಲಿ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೆಯ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನಗಳ ನೋಟಿಸು ಸಾಕು. ಅದೇ ಕಲಮು ಕಾರ್ಖಾನೆಗೆಂದು ಕೊಟ್ಟ ಜಾಗಕ್ಕೆ ಆರು ತಿಂಗಳ ನೋಟಿಸು ಬೇಕೆನ್ನುತ್ತದೆ. ಮಗ್ಗಗಳನ್ನಿಟ್ಟ ಶೆಡ್ಡಿಗೆ ಆರು ತಿಂಗಳು, ಆ ಮಗ್ಗ ನಡೆಸುವವನ ಮಕ್ಕಳು ಮಲಗುವ ಖೋಲಿಗೆ ಹದಿನೈದು ದಿನ. ಯಂತ್ರ ಕಿತ್ತು ಸಾಗಿಸಲು ಸಮಯ ಬೇಕೆಂಬುದನ್ನು ಒಪ್ಪಿದ ಕಾನೂನು, ಮಗುವನ್ನು ಒಂದು ಶಾಲೆಯಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸಲು ಸಮಯ ಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನೂ ಒಂದು ಗುಂಪಿದೆ. ದುಡಿಮೆಯ ಜೊತೆಗೇ ಕಾರ್ಖಾನೆಯ ಬದಿಯ ಖೋಲಿಯಲ್ಲಿ ಇರಲು ಜಾಗ ಪಡೆದ ಕುಟುಂಬಗಳು. ಮಾಲೀಕನ ಕೆಲಸದಲ್ಲಿರುವವನನ್ನು 1999ರ ಕಾಯ್ದೆಯು ಪರವಾನಗಿದಾರನೆಂದು ಎಣಿಸುವುದಿಲ್ಲ. ಕೇಂದ್ರದ ಮಾದರಿ ಕಾಯ್ದೆಯೂ ನೌಕರಿಯ ಕರಾರಿನ ಭಾಗವಾಗಿ ಕಂಪನಿಯೋ ಸಂಸ್ಥೆಯೋ ಕೊಟ್ಟ ವಾಸಸ್ಥಾನವನ್ನು ಹೊರಗಿಟ್ಟಿದೆ. ಇಂಥ ಕುಟುಂಬಕ್ಕೆ ಕೆಲಸ ಹೋದ ದಿನವೇ ಮನೆಯೂ ಹೋಗುತ್ತದೆ, ಅದರ ಹಿಂದೆಯೇ ಶಾಲೆಯೂ.

ಮಾದರಿ ಕಾಯ್ದೆಯ ಲಾಭ, ಲೋಪ

2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಮಾಲೀಕರ ಅಂಜಿಕೆ ಕಳೆದರೆ ಇವು ಬಾಡಿಗೆಗೆ ಬರುತ್ತವೆ ಎಂಬುದು ಮಾದರಿ ಕಾಯ್ದೆಯ ಹಿಂದಿನ ತರ್ಕ. ಆದ್ದರಿಂದ ಅದು ಬಾಡಿಗೆಗೆ ಮಿತಿ ಹಾಕುವುದಿಲ್ಲ. ಇಬ್ಬರೂ ಒಪ್ಪಿದ್ದೇ ಬಾಡಿಗೆ. ಬದಲಾಗಿ ಅದು ಕ್ರಮವನ್ನು ಕಟ್ಟಿಕೊಡುತ್ತದೆ. ಲಿಖಿತ ಕರಾರು ಕಡ್ಡಾಯ, ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ಅದರ ಮಾಹಿತಿ ಕೊಡಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಮಾಲೀಕನು ಮನೆಯೊಳಗೆ ಬರಬೇಕಿದ್ದರೆ 24 ಗಂಟೆ ಮೊದಲು ತಿಳಿಸಬೇಕು. ಅವಧಿ ಮುಗಿದ ಮೇಲೂ ಬಿಡದೆ ಕುಳಿತವನು ಮೊದಲ ಎರಡು ತಿಂಗಳು ದುಪ್ಪಟ್ಟು, ಆನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಈ ಕಾಯ್ದೆ ಹೊಸ ಕರಾರುಗಳಿಗೆ ಮಾತ್ರ. ಹಳೆಯ ಬಾಡಿಗೆಗಳನ್ನು ಅದು ಮುಟ್ಟುವುದಿಲ್ಲ.

ಶಿರೋಳ ತಾಲೂಕಿನವರಿಗೆ ಅದರಲ್ಲಿ ವಿಶೇಷವಾಗಿ ಉಪಯೋಗವಾಗುವ ಎರಡು ಮಾತುಗಳಿವೆ. 2005, 2019, 2021ರ ಮಹಾಪೂರಗಳನ್ನು ಕಂಡ ಸೀಮೆ ಇದು. ನೆರೆಯಂಥ ಆಪತ್ತಿನ ನಡುವೆ ಕರಾರಿನ ಅವಧಿ ಮುಗಿದರೆ, ಆಪತ್ತು ಕಳೆದ ಮೇಲೆ ಒಂದು ತಿಂಗಳವರೆಗೆ ಹಳೆಯ ಷರತ್ತುಗಳ ಮೇಲೆಯೇ ಬಾಡಿಗೆದಾರನನ್ನು ಇರಗೊಡಬೇಕು. ಮನೆ ವಾಸಕ್ಕೆ ಯೋಗ್ಯವಾಗಿ ಉಳಿಯದಿದ್ದರೆ, ಅದನ್ನು ಸರಿಪಡಿಸುವವರೆಗೆ ಬಾಡಿಗೆ ಕೇಳುವಂತಿಲ್ಲ. ಮಾದರಿ ಕಾಯ್ದೆ ಪಟ್ಟಣಕ್ಕೂ ಹಳ್ಳಿಗೂ ಭೇದ ಮಾಡದಿರುವುದು ಇನ್ನೊಂದು ಅನುಕೂಲ. ಆದರೆ ರಾಜ್ಯಗಳು ಅದನ್ನು ತಮ್ಮದಾಗಿಸಿಕೊಳ್ಳುವಾಗ ಈ ಅಂಶ ಉಳಿಯುತ್ತದೆಂಬ ಖಾತರಿಯಿಲ್ಲ. ಉತ್ತರ ಪ್ರದೇಶದ 2021ರ ಕಾಯ್ದೆಯ ಹೆಸರಿನಲ್ಲಿಯೇ ‘ನಗರ’ ಎಂಬ ಪದವಿದೆ.

ಲೋಪಗಳನ್ನೂ ಹೇಳಬೇಕು. ಬಾಡಿಗೆಗೂ ಅವಧಿಗೂ ಇಬ್ಬರ ಒಪ್ಪಿಗೆಯೇ ಆಧಾರವೆಂದಾಗ, ದುರ್ಬಲನ ಒಪ್ಪಿಗೆಗೆ ಬೆಲೆ ಕಡಿಮೆ. ಹನ್ನೊಂದು ತಿಂಗಳ ಕರಾರು ಮಾದರಿ ಕಾಯ್ದೆಯ ಅಡಿಯಲ್ಲೂ ಹನ್ನೊಂದು ತಿಂಗಳ ಕರಾರೇ. ಕಾನೂನಿನಲ್ಲಿ ಬರೆದ ಅಂಕಿಗಳು ಹಳತಾಗುವ ಅಪಾಯವೂ ಇದೆ. ನೆರೆಯ ಕರ್ನಾಟಕದ 1999ರ ಬಾಡಿಗೆ ಕಾಯ್ದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. 2001ರ ಕೊನೆಗೆ ಅದು ಜಾರಿಗೆ ಬಂದಾಗ ಆ ಮಿತಿಯೊಳಗೆ ಅನೇಕ ಮನೆಗಳಿದ್ದವು. ಬೆಲೆಗಳು ಏರಿದಂತೆ ಕಾಯ್ದೆ ಉಳಿಯಿತು, ಅದರ ಆಸರೆಗೆ ಬರುವ ಮನೆಗಳು ವಿರಳವಾದವು.

ಕರಾರಿನ ಭಾಷೆ

ಭಾಷಾ ಅಲ್ಪಸಂಖ್ಯಾತರಿಗೆ ಇನ್ನೊಂದು ತೊಡಕಿದೆ. ಇಲ್ಲಿ ಕರಾರು ಬರುವುದು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬೆರಳಚ್ಚು ಒತ್ತುವ ಕನ್ನಡಿಗನು, ಅವಧಿಗೆ ಮೊದಲೇ ಬಿಟ್ಟರೆ ಠೇವಣಿ ಮರಳದು ಎಂಬ ಸಾಲನ್ನು ಓದಿರುತ್ತಾನೆಂದು ಹೇಳಲಾಗದು. ಮಾತಾಡಲು ಮರಾಠಿ ಸರಾಗವಾಗಿ ಬರುವವರಿಗೂ ಕಾನೂನಿನ ಮರಾಠಿ ಬೇರೆಯೇ ಭಾಷೆ.

ನೋಂದಣಿ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಮತ್ತು ಅಧಿಕಾರಿಗೆ ತಿಳಿಯದ ಭಾಷೆಯ ದಸ್ತಾವೇಜನ್ನೂ, ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ನಿಜವಾದ ಅನುವಾದ ಮತ್ತು ಪ್ರತಿ ಜೊತೆಗಿದ್ದರೆ ನೋಂದಾಯಿಸಬಹುದು. ಅಂದರೆ ಎರಡು ಭಾಷೆಗಳ ಕಾಗದವು ಕಾನೂನಿಗೆ ಹೊಸತಲ್ಲ. ಹೊಸ ಕಾಯ್ದೆ ಬರುವುದಾದರೆ ಅದರ ನಮೂನೆಯ ಕರಾರನ್ನು ಗಡಿ ತಾಲೂಕುಗಳಲ್ಲಿ ಮರಾಠಿ ಮತ್ತು ಕನ್ನಡ ಎರಡರಲ್ಲೂ ಮುದ್ರಿಸಲು ಹೆಚ್ಚಿನ ಖರ್ಚೇನೂ ಆಗದು. ತನ್ನ ದೂರನ್ನು ಕನ್ನಡದಲ್ಲಿ ಬರೆದು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಈಗಾಗಲೇ ಕೊಟ್ಟಿದೆ.

ಕರಾರಿನ ಕಾಗದ ಮಕ್ಕಳ ಮುಂದಿನ ಓದಿಗೂ ಬೇಕಾಗುತ್ತದೆ. ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸದ ಪುರಾವೆ ಕೇಳುತ್ತಾರೆ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶ ನಿಯಮಗಳಲ್ಲಿ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಇರುವ ಅವಕಾಶವೂ ಅಲ್ಲಿ ಏಳು ಶೈಕ್ಷಣಿಕ ವರ್ಷ ವಾಸವಿದ್ದು ಓದಿರಬೇಕೆಂಬ ಷರತ್ತಿನ ಮೇಲೆ ನಿಂತಿದೆ. ಬಾಯಿಮಾತಿನ ಮೇಲೆ ಮನೆಯಿಂದ ಮನೆಗೆ ಸಾಗಿದ ಕುಟುಂಬ, ಮಗು ಹನ್ನೆರಡನೆಯ ತರಗತಿ ಮುಗಿಸಿದಾಗ ಈ ವರ್ಷಗಳನ್ನು ತೋರಿಸಲು ಪರದಾಡಬೇಕಾಗುತ್ತದೆ.

ಕೇಳಬೇಕಾದ ನಾಲ್ಕು ಮಾತು

ಮಹಾರಾಷ್ಟ್ರವು ತನ್ನ ಬಾಡಿಗೆ ಕಾಯ್ದೆಯನ್ನು ತಿದ್ದುವಾಗ ಗಡಿಭಾಗದ ಪಾಲಕರು ನಾಲ್ಕು ಬೇಡಿಕೆಗಳನ್ನು ಮುಂದಿಡುವುದು ಉಚಿತ. ಮೊದಲನೆಯದು, ಕಾರ್ಖಾನೆಗಳಿರುವ ಗ್ರಾಮ ಪಂಚಾಯಿತಿಗಳಿಗೂ ಕಾಯ್ದೆ ಅನ್ವಯಿಸಬೇಕು. ಎರಡನೆಯದು, ವಾಸದ ಮನೆಯ ಠೇವಣಿಗೆ ಎರಡು ತಿಂಗಳ ಮಿತಿ ಇರಬೇಕು. ಮೂರನೆಯದು, ನಮೂನೆಯ ಕರಾರು ಕನ್ನಡದಲ್ಲೂ ಸಿಗಬೇಕು, ವಿಚಾರಣೆ ತಾಲೂಕಿನ ಸ್ಥಳದಲ್ಲೇ ನಡೆಯಬೇಕು. ದಿನಗೂಲಿ ಬಿಟ್ಟು ಕೊಲ್ಹಾಪುರಕ್ಕೆ ಮೇಲಿಂದ ಮೇಲೆ ಅಲೆಯುವುದು ಬಡವರಿಂದಾಗದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಶಾಲೆಗೆ ಹೋಗುವ ಮಗುವಿರುವ ಮನೆಯ ಕರಾರು ಶೈಕ್ಷಣಿಕ ವರ್ಷದ ನಡುವೆ ಮುಗಿದರೆ, ಆ ವರ್ಷದ ಪರೀಕ್ಷೆ ಮುಗಿಯುವವರೆಗೆ ಅದೇ ಷರತ್ತುಗಳ ಮೇಲೆ ಅವಧಿ ಮುಂದುವರಿಯಬೇಕು. ಮಕ್ಕಳಿರುವ ಕುಟುಂಬಗಳಿಗೆ ಮನೆ ಕೊಡಲು ಮಾಲೀಕರು ಹಿಂಜರಿದಾರು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಈ ರಕ್ಷಣೆ ಬಾಡಿಗೆ ಸರಿಯಾಗಿ ಕೊಡುವವರಿಗೆ ಮಾತ್ರ ಸಿಗಬೇಕು, ಬೇಸಿಗೆ ರಜೆ ಬಂದೊಡನೆ ತಾನಾಗಿ ಕೊನೆಗೊಳ್ಳಬೇಕು, ಮಾಲೀಕನಿಗೆ ತೆರವಿನ ಆದೇಶ ಆ ದಿನಕ್ಕೆ ತಡವಿಲ್ಲದೆ ಸಿಗುವಂತಿರಬೇಕು. ಹೀಗಾದರೆ ಮಾಲೀಕನು ಕಳೆದುಕೊಳ್ಳುವುದು ಕೆಲವು ತಿಂಗಳ ಆಯ್ಕೆಯನ್ನು ಮಾತ್ರ, ಬಾಡಿಗೆಯನ್ನಲ್ಲ.

ಕ್ಯಾಲೆಂಡರು ನೋಡಿ ತೆರವಿಗೆ ತಡೆಯೊಡ್ಡುವುದು ಜಗತ್ತಿಗೆ ಹೊಸತೂ ಅಲ್ಲ. ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಚಳಿಗಾಲವೆಂಬ ಕಾರಣಕ್ಕೆ, ಸಾಮಾನ್ಯವಾಗಿ ಬಾಡಿಗೆದಾರರನ್ನು ಹೊರಹಾಕುವಂತಿಲ್ಲ. ಅಲ್ಲಿ ಚಳಿಗೆ ಸಿಕ್ಕ ಮನ್ನಣೆಯನ್ನು ಇಲ್ಲಿ ಪರೀಕ್ಷೆಗೆ ಕೇಳುವುದು ಅತಿಯಾದ ಬೇಡಿಕೆಯಲ್ಲ.

ಅಲ್ಲಿಯವರೆಗೆ ಮಾಡಬಹುದಾದದ್ದು

ಕಾನೂನು ಬದಲಾಗಲು ವರ್ಷಗಳು ಬೇಕು. ಮಗುವಿನ ತರಗತಿ ಅಷ್ಟು ಕಾಯುವುದಿಲ್ಲ. ಇಂದಿನ ಕಾನೂನಿನಡಿಯಲ್ಲೇ ಕರಾರನ್ನು ಜೂನ್ ತಿಂಗಳಿಂದ ಆರಂಭಿಸುವಂತೆ ಮಾಲೀಕರನ್ನು ಕೇಳಿಕೊಳ್ಳಬಹುದು. ಆಗ ಹನ್ನೊಂದು ತಿಂಗಳು ಮುಗಿಯುವುದು ಏಪ್ರಿಲ್ ಕೊನೆಗೆ, ಪರೀಕ್ಷೆಗಳ ಕಾಲಕ್ಕೆ. ಮುದ್ರಾಂಕದ 0.25ರ ದರ 60 ತಿಂಗಳವರೆಗಿನ ಕರಾರಿಗೂ ಇರುವುದರಿಂದ 22 ಅಥವಾ 33 ತಿಂಗಳ ಕರಾರು ಮಾಡಿಕೊಂಡು, ನಡುವೆ ಎಷ್ಟು ಬಾಡಿಗೆ ಏರಬೇಕೆಂಬುದನ್ನು ಮೊದಲೇ ಬರೆದಿಡಬಹುದು. ಇದರಿಂದ ಮಾಲೀಕರಿಗೆ ಪ್ರತಿ ವರ್ಷದ ನೋಂದಣಿಯ ತೊಂದರೆಯೂ ತಪ್ಪುತ್ತದೆ.

ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಮಾಹಿತಿ ಅರ್ಜಿಯನ್ನು ಕರಾರೆಂದು ಭಾವಿಸಬಾರದು. ಅದು ಬೇರೆ, ನೋಂದಾಯಿತ ಕರಾರು ಬೇರೆ. ಬಾಡಿಗೆಯನ್ನು ಮೊಬೈಲ್ ಮೂಲಕ ಕಳುಹಿಸುವವರು ಯಾವ ತಿಂಗಳ ಬಾಡಿಗೆ ಎಂದು ಬರೆದು ಕಳುಹಿಸಬೇಕು. ನಗದು ಕೊಡುವವರು ರಶೀದಿ ಕೇಳಿ ಪಡೆಯಬೇಕು. ಠೇವಣಿಯ ಮೊತ್ತ ಕರಾರಿನಲ್ಲಿ ಪೂರ್ತಿ ನಮೂದಾಗಿದೆಯೇ ಎಂದು ನೋಡಿಯೇ ಬೆರಳೊತ್ತಬೇಕು. ಬಾಡಿಗೆದಾರನನ್ನು ನ್ಯಾಯಾಲಯದ ಆದೇಶವಿಲ್ಲದೆ ಬಲವಂತದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯುವ ದಾರಿಯಿದೆ.

ಶಾಲೆಗಳೂ ಇದರಲ್ಲಿ ಪಾಲುಗೊಳ್ಳಬಹುದು. ಪಾಲಕರ ಸಭೆಯಲ್ಲಿ ಹಾಜರಿ, ಅಭ್ಯಾಸಗಳ ಮಾತಿನ ಜೊತೆಗೆ ಯಾವ ಮಗುವಿನ ಮನೆಯ ಕರಾರು ಎಂದು ಮುಗಿಯುತ್ತದೆ ಎಂಬುದನ್ನೂ ಶಾಲಾ ವ್ಯವಸ್ಥಾಪನ ಸಮಿತಿ ಕೇಳಿ ತಿಳಿದರೆ, ಶಾಲೆಯ ಹತ್ತಿರವೇ ಇನ್ನೊಂದು ಖೋಲಿ ಹುಡುಕಿಕೊಡಲು ಊರಿನವರಿಗೆ ಸಮಯ ಸಿಗುತ್ತದೆ. ಮನೆ ಬಾಡಿಗೆಗೆ ಕೊಡುವ ಕನ್ನಡಿಗರು ನಮ್ಮಲ್ಲೇ ಇದ್ದಾರೆ. ಕರಾರಿನ ಆರಂಭವನ್ನು ಜೂನ್ ತಿಂಗಳಿಗೆ ಹೊಂದಿಸುವ ಕೆಲಸವನ್ನು ಅವರು ಯಾವ ಕಾಯ್ದೆಗೂ ಕಾಯದೆ ಈ ವರ್ಷವೇ ಮಾಡಬಹುದು.